ಖಾಲಿ ತಟ್ಟೆಗೆ ಬಡಿಸಿದ್ದು

ಹೂಮಳೆ ಬಿದ್ದು ಎಂಟು ದಿನವಾಗಿತ್ತು. ಬಾಳೆಲೆ ಊರಿನ ಸುತ್ತಿನ ಕಾಫಿ ತೋಟವೆಲ್ಲ ಬೆಳ್ಳಗೆ ಹೂ ಬಿಟ್ಟಿತ್ತು. ದೀಪ ಹಚ್ಚುವ ಹೊತ್ತಿಗೆ ಬೊಮ್ಮನ ಎತ್ತಿನಗಾಡಿ ನಮ್ಮ ಇಗರ್ಜಿಯ ಅಂಗಳಕ್ಕೆ ಬಂದು ನಿಂತಿತು. ಜಗಲಿಯಲ್ಲಿ ಮಲಗಿದ್ದ ಮೂರು ನಾಯಿಗಳು, ದಿನಾ ನೋಡುವ ಬೊಮ್ಮನಿಗೇ ಎದ್ದು ಬೊಗಳಿದವು. ಅವನ ಹಿಂದೆ ಕಪ್ಪು ಬಟ್ಟೆ ಉಟ್ಟ ಬಿಳಿ ಹೆಂಗಸೊಬ್ಬರು ಇಳಿದರು. ನಾಯಿಗಳು ಮತ್ತೆ ಮಲಗಿದವು, ಅವರ ಕಡೆಗೆ ಕಣ್ಣು ಕೂಡ ಹಾಯಿಸಲಿಲ್ಲ.

ನಾನು ಆ ಇಗರ್ಜಿಯ ಎಮಿಲ್ ಸ್ವಾಮಿಗಳಿಗೆ ಅಡುಗೆ ಮಾಡುತ್ತಿದ್ದೆ. ಸ್ವಾಮಿಗಳು ಫ್ರಾನ್ಸ್ ದೇಶದ ಪಾದ್ರಿ, ಬಂದು ಹನ್ನೊಂದು ವರ್ಷವಾಗಿತ್ತು. ನಾನು ಅವರ ಮತದವಳಲ್ಲ. ಸೇರು ಎಂದು ಅವರೂ ಹೇಳಲಿಲ್ಲ. ಬಿಡುವಾದಾಗ ನಾಲ್ಕು ಅಕ್ಷರ ಕಲಿಸಿದರು, ಅಷ್ಟೆ.

ಬಂದವರ ಮುಖ ನೋಡಿ ನನ್ನ ಕೈಯಲ್ಲಿದ್ದ ಮೊರ ಜಾರಿ ಬಿತ್ತು. ಅದು ಊಟದ ಕೋಣೆಯ ಗೋಡೆಯಲ್ಲಿದ್ದ ಪಟದ ಮುಖ. ಸ್ವಾಮಿಗಳ ಅಕ್ಕ ಮಾರ್ಗರೀತಮ್ಮನವರದು. ಆ ಅಕ್ಕ ಸತ್ತಿದ್ದಾರೆಂದು ನಾನು ಎಂಟು ವರ್ಷದಿಂದ ನಂಬಿಕೊಂಡಿದ್ದೆ.

ನಂಬಿದ್ದು ಹೀಗೆ. ಸ್ವಾಮಿಗಳು ದಿನಾ ಊಟಕ್ಕೆ ಕೂರುವಾಗ ಎದುರಿಗೆ ಇನ್ನೊಂದು ಕುರ್ಚಿ ಹಾಕಿಸಿ, ಅದರ ಮುಂದೆ ಖಾಲಿ ತಟ್ಟೆ ಇಡಿಸುತ್ತಿದ್ದರು. ಯಾರಿಗೆ ಎಂದು ಒಮ್ಮೆ ಕೇಳಿದೆ. ಪಟ ತೋರಿಸಿ, ನನ್ನನ್ನು ಸಾಕಿದ ಅಕ್ಕ, ಎಂದರು. ಕಣ್ಣು ಒರೆಸಿಕೊಂಡರು. ನಾನು ಮುಂದೆ ಕೇಳಲಿಲ್ಲ. ಇಲ್ಲದವರಿಗೆ ತಟ್ಟೆ ಇಡುವುದೆಂದರೆ ನಮ್ಮಲ್ಲಿ ಒಂದೇ ಅರ್ಥ. ಸತ್ತವರು ಬಂದು ಖಾಲಿ ತಟ್ಟೆ ನೋಡಿ ಹಸಿದು ಹೋಗಬಾರದು. ಅದಕ್ಕೆ ಪ್ರತಿ ಅಮಾವಾಸ್ಯೆ ಸ್ವಾಮಿಗಳು ಉಂಡು ಪ್ರಾರ್ಥನೆಗೆ ಎದ್ದ ಮೇಲೆ, ಅವರಿಗೆ ತಿಳಿಯದ ಹಾಗೆ, ಆ ತಟ್ಟೆಗೆ ಅನ್ನ, ಕರಿಮೆಣಸು, ಕಾಚಂಪುಳಿಯ ಹುಳಿ ಹಾಕಿದ ಹಂದಿ ಮಾಂಸ, ಚಿಪ್ಪಿನಲ್ಲಿ ಒಂದು ಗುಟುಕು ಸಾರಾಯಿ ಇಡುತ್ತಿದ್ದೆ. "ಮಾರ್ಗರೀತಮ್ಮ, ಬಂದು ಉಣ್ಣಿ" ಎಂದು ಕರೆದು, ಹೊರಗೆ ಬಂದು ಬಾಗಿಲು ಎಳೆದುಕೊಳ್ಳುತ್ತಿದ್ದೆ. ಒಂದು ಎಲೆ ಅಡಿಕೆ ಅಗಿದು ಮುಗಿಯುವಷ್ಟು ಹೊತ್ತು ಬಿಟ್ಟು, ಒಳಗೆ ಹೋಗಿ ಎಡೆಯನ್ನು ತೆಗೆದು ಹಿತ್ತಲ ಕಲ್ಲಿನ ಮೇಲೆ ಹಾಕುತ್ತಿದ್ದೆ.

ಅಷ್ಟು ಸಲ ಎಡೆ ಉಂಡವರು ಈಗ ಗಾಡಿಯಿಂದ ಇಳಿದು ನಿಂತಿದ್ದರು.

ಬೊಮ್ಮ ಎತ್ತು ಬಿಚ್ಚುತ್ತ ನನ್ನ ಹತ್ತಿರ ಬಂದ. "ಮಾದಕ್ಕ, ತಲಚೇರಿಯಿಂದ ಕರ್ಕಂಡು ಬಂದೆ. ಪೆರುಂಬಾಡಿ ಘಾಟಿ ಹತ್ತುವಾಗ ಎತ್ತುಗಳು ಖಾಲಿ ಗಾಡಿ ಎಳೆದಂಗೆ ಬಾಲ ಆಡಿಸ್ಕಂಡು ಬಂದೊ. ಅಮ್ಮ ಇದ್ದಾರೋ ಬಿದ್ದುಹೋದ್ರೋ ಅಂತ ನಾಲ್ಕು ಸಲ ತಿರುಗಿ ನೋಡ್ದೆ. ಗಾಳಿ ಕುಡ್ಕಂಡು ಬದುಕ್ತಾರೇನೋ."

ನಾನು ನಗಲಿಲ್ಲ. ಸ್ವಾಮಿಗಳು ಇನ್ನೂ ಇಗರ್ಜಿಯಲ್ಲಿದ್ದರು. ಅಮ್ಮ ಯಾರನ್ನೂ ಏನೂ ಕೇಳದೆ ನೇರ ಊಟದ ಕೋಣೆಗೆ ನಡೆದು, ಖಾಲಿ ತಟ್ಟೆಯ ಮುಂದೆ ಕೂತರು.

ಅಕ್ಕ ತಮ್ಮ ಇಬ್ಬರೂ ತಬ್ಬಿಕೊಂಡು ಅತ್ತದ್ದಾಯಿತು. ಊಟಕ್ಕೆ ಕೂತರೆ ಅಮ್ಮನಿಗೆ ತುತ್ತು ಇಳಿಯಲಿಲ್ಲ. ಅವರು ಹೇಳಿದ್ದನ್ನು ಸ್ವಾಮಿಗಳು ನನಗೂ ತಿಳಿಸಿದರು. ಎಂಟು ವರ್ಷದಿಂದ ಅವರಿಗೆ ಆಗಾಗ ಮಧ್ಯಾಹ್ನ ಎರಡು ಗಂಟೆಗೆ ಬಾಯಿತುಂಬ ಹುಳಿ, ಕರಿಮೆಣಸು ಬರುತ್ತದಂತೆ. ಅವರ ಊರಿನಲ್ಲಿ ಯಾರೂ ಕಾಣದ ರುಚಿ. ಅದು ಬಂದರೆ ಮೂರು ದಿನ ಅನ್ನ ಸೇರುವುದಿಲ್ಲ. ಈಚೆಗೆ ಒಳಗೆ ಬಂದು ನಿಂತರೆ ನೆರೆಯವರಿಗೆ ಗೊತ್ತೇ ಆಗುವುದಿಲ್ಲವಂತೆ. ಸಾಕಿದ ಬೆಕ್ಕು ಅವರು ಕೂತ ಕುರ್ಚಿಗೇ ಹಾರಿ, ಬೆಚ್ಚಿ ಓಡಿಹೋಯಿತಂತೆ. ಡಾಕ್ಟರುಗಳು ಏನೂ ಇಲ್ಲ ಎಂದರು. ಆ ದಿನಗಳಿಗೆಲ್ಲ ಅವರು ತಮ್ಮ ಪ್ರಾರ್ಥನೆ ಪುಸ್ತಕದಲ್ಲಿ ಸೀಸದಕಡ್ಡಿಯಿಂದ ಶಿಲುಬೆ ಗುರುತು ಹಾಕಿದ್ದರು. ಹಡಗಿನಲ್ಲಿ ಹಾಕಿದ ಗುರುತೂ ಒಂದಿತ್ತು.

ವಯಸ್ಸು, ಉಪವಾಸ ಎಂದು ಸ್ವಾಮಿಗಳು ನಕ್ಕರು. ನಾನು ಕೊನೆಯ ಗುರುತು ಯಾವ ದಿನದ್ದು ಎಂದು ಕೇಳಿದೆ. ಹೇಳಿದರು. ಅದರ ಹಿಂದಿನದು ಕೇಳಿದೆ. ಬೆರಳಲ್ಲಿ ಎಣಿಸಿ ನೋಡಿದೆ. ಎರಡೂ ಅಮಾವಾಸ್ಯೆ. ಅಲ್ಲಿ ಎರಡು ಗಂಟೆಯಾದರೆ ಇಲ್ಲಿ ಎಷ್ಟು ಎಂದು ಕೇಳಿದೆ. ದೀಪ ಹಚ್ಚಿ ಊಟ ಮುಗಿಯುವ ಹೊತ್ತು, ಎಂದರು.

ಒಳಗಿನಿಂದ ಕಾಚಂಪುಳಿಯ ಭರಣಿ ತಂದು ಅಮ್ಮನ ಮುಂದೆ ಮುಚ್ಚಳ ತೆಗೆದೆ. ಅವರು ಮೂಸಿ ಕಣ್ಣು ಮುಚ್ಚಿದರು. ನನ್ನ ಮಣಿಕಟ್ಟು ಹಿಡಿದುಕೊಂಡರು. ತರಗೆಲೆ ಬಿದ್ದ ಹಾಗಿತ್ತು, ಆ ಕೈ.

ಮುಂದಿನ ಅಮಾವಾಸ್ಯೆಗೆ ನಾಲ್ಕೇ ದಿನ ಉಳಿದಿತ್ತು. ಬೆಳಗಾಗುತ್ತಲೇ ಮುದುಕಿ ದೊಡ್ಡಿಯ ಮನೆಗೆ ಓಡಿದೆ. ನಮ್ಮ ಕಡೆ ಸಾವಿನ ಕಾರ್ಯಗಳ ರೀತಿ ಪೂರ್ತಿ ಬಲ್ಲವಳು ಅವಳೊಬ್ಬಳೇ. ಎಲ್ಲ ಕೇಳಿದ ಮೇಲೆ ಅವಳು ಹೇಳಿದಳು.

"ಬದುಕಿರೋರಿಗೆ ಎಡೆ ಇಟ್ಟಿದ್ದಿ. ಈಗ ನಿಲ್ಲಿಸಿದ್ರೆ ಹಸ್ಕಂಡು ಒಣಗ್ತಾರೆ. ಇನ್ನೊಂದು ಇಟ್ರೆ ಪೂರಾ ಆ ಕಡೆಯವರಾಯ್ತಾರೆ."

ದಾರಿಯೇ ಇಲ್ಲವೇ ಎಂದೆ.

"ಕರೆದ ಬಾಯೇ ಇನ್ನೊಂದು ಹೆಸರು ಕರೀಬೇಕು. ಆ ಹೆಸರಿನೋರು ಒಪ್ಕಂಡು ಆ ಜಾಗದಲ್ಲಿ ಕೂರಬೇಕು. ಒಪ್ಕಂಡು ಕೂತೋರು ಬೇಗ ದಾಟಲ್ಲ, ಆದ್ರೆ ಅವರಿಗೆ ಎಡೆ ತಪ್ಪಬಾರದು."

ನಾನೇ ಕೂರುತ್ತೇನೆ ಎಂದೆ. ಕರೆಯುವವಳೂ ಕೂರುವವಳೂ ಒಬ್ಬಳೇ ಆಗುವುದಿಲ್ಲ ಎಂದಳು.

ಸ್ವಾಮಿಗಳ ಕಾಲು ಹಿಡಿದು ಎಲ್ಲ ಹೇಳಿದೆ. ಎಂದೂ ಬೈಯದವರು ಅಂದು ಬೈದರು. ಹನ್ನೊಂದು ವರ್ಷ ಏನು ಕಲಿತೆ ಎಂದರು. ಇಡೀ ಒಂದು ದಿನ ನನ್ನೊಡನೆ ಮಾತಾಡಲಿಲ್ಲ. ಅಮ್ಮ ಮಾತ್ರ ಕರಗುತ್ತಿದ್ದರು. ಕೋಣೆಯಲ್ಲೇ ಇರುತ್ತಿದ್ದರು. ಅಲ್ಲಿ ಯಾರೂ ಇಲ್ಲವೆಂದುಕೊಂಡು ನಾನು ಕಸ ಗುಡಿಸಲು ಹೋಗಿ ಬೆಚ್ಚಿಬೀಳುತ್ತಿದ್ದೆ.

ಮೂರನೆಯ ದಿನ ಅಮ್ಮ ತೋಟದಲ್ಲಿ ಸುತ್ತಾಡಿ ಬಂದರು. ಹೂವು ಉದುರಿ ದಾರಿಯೆಲ್ಲ ಹಾಸಿದ ಹಾಗಿತ್ತು. ಸ್ವಾಮಿಗಳೂ ನಾನೂ ಜಗಲಿಯಲ್ಲಿ ನಿಂತು ಅವರು ಬರುವುದನ್ನು ನೋಡಿದೆವು. ಅವರು ನಮ್ಮನ್ನು ದಾಟಿ ಒಳಗೆ ಹೋದರು. ಅವರು ನಡೆದು ಬಂದ ದಾರಿಯಲ್ಲಿ ಒಂದು ಹೂವೂ ಮಿಸುಕಿರಲಿಲ್ಲ. ಒಂದು ಹೆಜ್ಜೆಯೂ ಮೂಡಿರಲಿಲ್ಲ. ಸ್ವಾಮಿಗಳು ಅದನ್ನೇ ನೋಡುತ್ತ ಕತ್ತಲಾಗುವವರೆಗೆ ನಿಂತಿದ್ದರು.

ಅಮಾವಾಸ್ಯೆಯ ಸಂಜೆ ಅಕ್ಕನನ್ನು ಇಗರ್ಜಿಯಲ್ಲಿ ಪ್ರಾರ್ಥನೆಗೆ ಕೂರಿಸಿ, ಸ್ವಾಮಿಗಳು ಒಬ್ಬರೇ ಊಟದ ಕೋಣೆಗೆ ಬಂದರು. ತಮ್ಮ ಕುರ್ಚಿಯನ್ನು ಬಿಟ್ಟು ಎದುರಿನದರಲ್ಲಿ ಕೂತರು.

"ಬಡಿಸು ಮಾದಿ."

"ಬೇಡ ಸ್ವಾಮಿ. ತಪ್ಪು ನಂದು."

"ನೀನು ಬಡಿಸಿದ್ದು ಅಷ್ಟೆ. ಈ ಕುರ್ಚಿ ಹಾಕಿದವನು ನಾನು. ಒಂದು ಸಲ ಬಂದು ಮುಖ ತೋರಿಸು ಎಂದು ಅವಳು ವರ್ಷವರ್ಷ ಬರೆದಳು. ನಾನು ತಟ್ಟೆ ಇಟ್ಟರೆ ಸಾಕು ಎಂದುಕೊಂಡೆ. ಬದುಕಿರುವವಳನ್ನು ಮೊದಲು ಸಾಯಿಸಿದವನು ನಾನು."

ನಾನು ಬಡಿಸಿದೆ. ಅನ್ನ, ಮಾಂಸ, ಚಿಪ್ಪಿನಲ್ಲಿ ಸಾರಾಯಿ. ಕರೆಯಲೇ ಎಂದು ಕೇಳಿದೆ. ಅವರು ತಲೆ ಆಡಿಸಿದರು. "ಎಮಿಲ್ ಸ್ವಾಮಿ, ಬಂದು ಉಣ್ಣಿ" ಎಂದು ಕರೆದು ಹೊರಗೆ ಬಂದು ಬಾಗಿಲು ಎಳೆದುಕೊಂಡೆ. ಎಲೆಗೆ ಸುಣ್ಣ ಹಚ್ಚುವುದು ಮರೆತೆ. ಹಾಗೇ ಅಗಿದೆ. ಒಳಗೆ ತಟ್ಟೆಯ ಸದ್ದಿಲ್ಲ, ಉಸಿರಿನ ಸದ್ದಿಲ್ಲ.

ಎಲೆ ಅಡಿಕೆ ಮುಗಿಯುವ ಹೊತ್ತಿಗೆ ಅಂಗಳದಲ್ಲಿ ನಾಯಿಗಳು ಒಟ್ಟಿಗೆ ಬೊಗಳಿದವು. ಇಗರ್ಜಿಯ ಬಾಗಿಲಲ್ಲಿ ಅಮ್ಮ ನಿಂತಿದ್ದರು. ಮೂರೂ ನಾಯಿಗಳು ಹಲ್ಲು ಬಿಟ್ಟು ಅವರ ಮೇಲೇ ಬೊಗಳುತ್ತಿದ್ದವು. ಅವರು ಅಳುತ್ತ ನಗುತ್ತ ಅಡುಗೆಮನೆಗೆ ಬಂದು, ನಿಂತಲ್ಲೇ ಮೂರು ಅಕ್ಕಿರೊಟ್ಟಿ ತಿಂದರು.

ನಾನು ಊಟದ ಕೋಣೆಯ ಬಾಗಿಲು ತೆಗೆದೆ. ತಟ್ಟೆ ತೊಳೆದಿಟ್ಟ ಹಾಗಿತ್ತು. ಕುರ್ಚಿಯಲ್ಲಿ ಯಾರೂ ಇಲ್ಲವೆಂದುಕೊಂಡೆ. ದೀಪ ಎತ್ತಿ ಹಿಡಿದ ಮೇಲೆ ಸ್ವಾಮಿಗಳು ಅಲ್ಲೇ ಕೂತಿರುವುದು ಕಂಡಿತು.

ಆಮೇಲೆ ಆರು ವರ್ಷ ಅವರು ನಮ್ಮೊಡನೆ ಇದ್ದರು. ಪೂಜೆ ಮಾಡಿದರು, ತೋಟದ ಕೂಲಿಗಳ ಲೈನಿನ ಮಕ್ಕಳಿಗೆ ಜ್ವರದ ಮದ್ದು ಕೊಟ್ಟರು. ಬಾಗಿಲಲ್ಲಿ ಅವರೇ ನಿಂತಿದ್ದರೂ ಬಂದವರು ನನ್ನನ್ನು ಕರೆದು, ಸ್ವಾಮಿಗಳು ಎಲ್ಲಿ ಎಂದು ಕೇಳುತ್ತಿದ್ದರು. ಅಮಾವಾಸ್ಯೆಯ ಎಡೆ ನಾನು ಒಮ್ಮೆಯೂ ತಪ್ಪಿಸಲಿಲ್ಲ.

ಅಮ್ಮನಿಗೆ ಇದೆಲ್ಲ ಹೇಳಬಾರದೆಂದು ಸ್ವಾಮಿಗಳು ನನ್ನಿಂದ ಮಾತು ತೆಗೆದುಕೊಂಡಿದ್ದರು. ಅದೇ ವರ್ಷ, ಹೊರಡುವ ದಿನ ಅಮ್ಮ ತಮ್ಮನ ಕೈ ಹಿಡಿದು ಜೊತೆಗೆ ಬಾ ಎಂದು ಕರೆದರು. ಬರುತ್ತೇನೆ, ನೀನು ಮುಂದೆ ಹೋಗಿರು, ಎಂದರಂತೆ ಸ್ವಾಮಿಗಳು. ಬೊಮ್ಮ ಗಾಡಿ ಹೊಡೆದ. ಚಕ್ರ ಕೆಸರಿನಲ್ಲಿ ಕಚ್ಚಿಕೊಂಡಿತು. "ಏನ್ ತಿನ್ಸಿ ಕಳಿಸ್ತಿದ್ದಿ ಮಾದಕ್ಕ, ನೊಗ ಮುರೀತದೆ" ಎಂದು ಕೂಗಿದ. ನಾಯಿಗಳು ತಿರುವಿನವರೆಗೆ ಗಾಡಿಯ ಹಿಂದೆ ಬೊಗಳುತ್ತ ಓಡಿದವು. ಸ್ವಾಮಿಗಳು ಅವುಗಳ ನಡುವೆಯೇ ನಡೆದು ಹೋಗಿ ಕೈ ಬೀಸಿದರು. ಒಂದು ನಾಯಿಯೂ ಅವರತ್ತ ತಿರುಗಲಿಲ್ಲ.

ಮಂಗಳವಾರ ಹೊರಡಬೇಡಿ ಎಂದು ನಾನು ಹೇಳಿದ್ದೆ. ಹಡಗು ಕಾಯುವುದಿಲ್ಲ ಎಂದು ಅಮ್ಮ ಮಂಗಳವಾರವೇ ಹೋದರು, ಸುಖವಾಗಿ ಊರು ಮುಟ್ಟಿದರು.