ಗ್ಲ್ಯಾಡಿಸ್ ಇಲ್ಲ

ಸಭಾಸೇವಕನಾಗುವುದೆಂದರೆ ಹುಡುಗಾಟವಲ್ಲ. ಮನೆಮನೆಯ ಹಿಡಿಯಕ್ಕಿ ಕೂಡಿಸಿ ವಿಧವೆಯರಿಗೆ ಹಂಚಬೇಕು, ಹಾಸಿಗೆ ಹಿಡಿದವರನ್ನು ನೋಡಿ ಬರಬೇಕು. ಅಂಥವನು ಕುಡುಕನಾಗಿರಬಾರದು, ಎರಡು ಮಾತಿನವನಾಗಿರಬಾರದು, ತನ್ನ ಮನೆಯನ್ನು ಹದದಲ್ಲಿ ಇಟ್ಟಿರಬೇಕು. ಕಾರ್ಕಳದ ಆ ಸಣ್ಣ ಕ್ರೈಸ್ತ ಸಭೆಯಲ್ಲಿ ಮೊದಲನೆಯದಕ್ಕೇ ಮುಕ್ಕಾಲು ಗಂಡಸರು ಬಿದ್ದುಹೋದರು. ಪಾನನಿರೋಧ ಸರಕಾರದ್ದು, ಕಳ್ಳು ತೆಂಗಿನ ಮರದ್ದು! ಹಾಗಾಗಿ ಉಡುಪಿಯ ಬನ್ನಂಜೆಯಿಂದ ಬಂದು ವರ್ಷವಷ್ಟೇ ಆಗಿದ್ದ ಟೈಲರ್ ಇಮ್ಯಾನುಯೆಲನ ಮೇಲೆ ಹಿರಿಯರ ಕಣ್ಣು ಬಿತ್ತು.

ವಿಚಾರಿಸಲು ಮನೆಗೆ ಬಂದ ಹಿರಿಯ ಪೀಟರ್, ಅವನ ಹೆಂಡತಿ ಎಸ್ತರ್ ಕೊಟ್ಟ ಕಾಫಿ ಹೀರುತ್ತ, "ಮಕ್ಕಳು?" ಎಂದರು.

"ಒಬ್ಬಳೇ ಮಗಳು, ಗ್ಲ್ಯಾಡಿಸ್. ಈಗ ಇಲ್ಲ" ಎಂದ ಇಮ್ಯಾನುಯೆಲ್.

ಪೀಟರ್ ಲೋಟ ಕೆಳಗಿಟ್ಟರು. "ದೇವರ ಚಿತ್ತ ಮಾರಾಯ" ಎಂದು ಅವನ ಭುಜ ತಟ್ಟಿದರು. ಇಮ್ಯಾನುಯೆಲ್ ತಲೆ ತಗ್ಗಿಸಿದ, ತಿದ್ದಲಿಲ್ಲ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಗ್ಲ್ಯಾಡಿಸ್ ಹೆಜಮಾಡಿಯಲ್ಲಿ ಗಟ್ಟಿಮುಟ್ಟಾಗಿದ್ದಳು. ಮೀನುಗಾರರ ಮನೆಯ ವಿಠಲನನ್ನು ಮದುವೆಯಾಗಿದ್ದಳು. ಆ ನಾಚಿಕೆಗೇ ಅಪ್ಪ ಊರು ಬಿಟ್ಟದ್ದು.

"ಎಂತ ಮಾಡಿದ್ದು ನೀವು? ಬದುಕಿದ್ದವಳನ್ನು ಕೊಂದಿರಲ್ಲ!" ಎಂದಳು ಎಸ್ತರ್, ಪೀಟರ್ ಗೇಟು ದಾಟುತ್ತಲೇ.

"ಸುಳ್ಳು ಹೇಳಿದೆನಾ? ಮನೆಯಲ್ಲಿ ಇಲ್ಲ ಅಲ್ವಾ?"

ಇಂಥ ಜಾಣತನಕ್ಕೆ ಏನೆನ್ನಬೇಕು! ಎಸ್ತರ್ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದಳು. ಗಂಡನಿಗೆ ಒಂದು ಮರ್ಯಾದೆ ಸಿಗಲಿ ಎಂಬ ಆಸೆ ಅವಳಿಗೂ ಇತ್ತು.

ಅಭ್ಯರ್ಥಿಯ ಹೆಸರನ್ನು ಮೂರು ಭಾನುವಾರ ಓದುವುದು ವಾಡಿಕೆ; ಆಕ್ಷೇಪ ಇದ್ದವರು ಎದ್ದು ಹೇಳಬಹುದು. ಮೊದಲ ಭಾನುವಾರ ಹೆಂಗಸರು ಎಸ್ತರಳ ಕೈ ಹಿಡಿದು ಕಣ್ಣೊರೆಸಿಕೊಂಡರು. ಎರಡನೆಯದರಲ್ಲಿ ಸಭೆಯ ಪಾದ್ರಿ ಅಯ್ಯನವರು, ಕರ್ತನಲ್ಲಿ ನಿದ್ರೆಹೋದ ಗ್ಲ್ಯಾಡಿಸಳಿಗಾಗಿ ಸ್ತೋತ್ರ ಮಾಡಿದರು. ಎಲ್ಲರ ಜೊತೆ ಎಸ್ತರಳೂ "ಆಮೆನ್" ಎಂದಳು. ಹೆತ್ತವಳೇ ತನ್ನ ಬಾಯಿಂದ ಮಗಳನ್ನು ಮಣ್ಣು ಮಾಡಿದ್ದಳಲ್ಲ.

ಶನಿವಾರ ಮೀನು ತಂದ, ವಿಠಲನ ಮನೆಯವರನ್ನು ಬಲ್ಲ ಕಾಪುವಿನ ಗುಣವತಿ ಬುಟ್ಟಿ ಇಳಿಸುತ್ತ, "ನಿಮ್ಮ ಮಗಳಿಗೆ ಏಳು ತಿಂಗಳು. ಅಮ್ಮ ಬರ್ತಾರಾ ಅಂತ ಕೇಳ್ತಾಳೆ" ಎಂದಳು. ಸತ್ತವಳ ಬಾಣಂತನಕ್ಕೆ ಯಾವ ತಾಯಿ ಹೋದಾಳು?

ಮೂರನೆಯ ಭಾನುವಾರ ಅಯ್ಯನವರು ಹೆಸರು ಓದಿ, "ಯಾರದಾದರೂ ಆಕ್ಷೇಪ ಉಂಟಾ?" ಎಂದು ಕೇಳಿದರು. ಉತ್ತರ ಬಾರದೆಂದುಕೊಂಡು ಆಗಲೇ ಪುಸ್ತಕ ಮುಚ್ಚುತ್ತಿದ್ದರು.

ಹೆಂಗಸರ ಸಾಲಿನಲ್ಲಿ ಎಸ್ತರ್ ಎದ್ದಳು.

"ನನ್ನ ಮಗಳು ಉಂಟು" ಎಂದಳು. "ಹೆಜಮಾಡಿಯಲ್ಲಿ, ಗಂಡನ ಮನೆಯಲ್ಲಿ. ಬಸುರಿ."

ಎಲ್ಲರ ಕುತ್ತಿಗೆ ತಿರುಗಿತು. ಅಯ್ಯನವರು ಕನ್ನಡಕ ತೆಗೆದು, "ಇಮ್ಯಾನುಯೆಲ್, ನೀವೇ ಹೇಳಿ. ಮಗಳು ಉಂಟಾ, ಇಲ್ವಾ?" ಎಂದರು.

ಎಸ್ತರ್ ಗಂಡನ ಮುಖವನ್ನೇ ನೋಡಿದಳು. ಉಂಟು ಎಂದುಬಿಡಲಿ ದೇವರೇ, ಹುದ್ದೆ ಹಾಳಾಗಿ ಹೋಗಲಿ.

ಇಮ್ಯಾನುಯೆಲ್ ನಿಧಾನವಾಗಿ ಎದ್ದು ನಿಂತ. "ನನಗೆ ಇಲ್ಲ" ಎಂದ.

ಈ ಸಲ ಆ ಮಾತಿಗೆ ಎರಡು ಅರ್ಥ ಇರಲಿಲ್ಲ. ಎಸ್ತರ್ ಬಾಗಿಲಲ್ಲಿ ಚಪ್ಪಲಿ ಹುಡುಕಿ ಮೆಟ್ಟಿಕೊಂಡು, ಹೆಜಮಾಡಿಯ ದಾರಿಯ ಪಡುಬಿದ್ರೆ ಬಸ್ಸು ನಿಲ್ಲುವಲ್ಲಿಗೆ ನಡೆದಳು.