ನಿಂತು ಓಡಿದ ಗಾಡಿ

ನಾನು ಮೂರು ಚಕ್ರದ ಒಂದು ಡೀಸೆಲ್ ಗೂಡ್ಸ್ ಗಾಡಿ. ಯಾವುದೋ ದೂರದ ಕಾರ್ಖಾನೆಯಲ್ಲಿ ಹುಟ್ಟಿದೆನಂತೆ, ಅದೊಂದೂ ನೆನಪಿಲ್ಲ. ಜಮಖಂಡಿಯಲ್ಲಿ ರಾಯಪ್ಪ ನನ್ನ ಚಕ್ರದಡಿ ನಿಂಬೆಹಣ್ಣು ಇಟ್ಟು ಹತ್ತಿಸಿದಾಗ ಕೇಳಿದ ಚುರ್ ಎಂಬ ಸದ್ದೇ ನನ್ನ ಮೊದಲ ನೆನಪು.

ರಾಯಪ್ಪ ನನ್ನ ಬೆನ್ನ ಮೇಲೆ ಗ್ಯಾಸ್ ಸಿಲಿಂಡರ್ ಹೇರಿಕೊಂಡು ಓಣಿ ಓಣಿ ತಿರುಗುತ್ತಿದ್ದ. ಆಹಾ, ಎಂಥ ದಿನಗಳವು! ಮೀಟರು ಇಂತಿಷ್ಟು ಕಿಲೋಮೀಟರ್ ತೋರಿಸಿತೋ, ಮೆಕ್ಯಾನಿಕ್ ದಾವಲಸಾಬರ ಗ್ಯಾರೇಜಿಗೆ ಒಯ್ದು ಎಣ್ಣೆ ಬದಲಿಸುವನು. ದಿನವಿಡೀ ಓಡುತ್ತಿದ್ದೆನಲ್ಲ, ಮೀಟರಿನ ಲೆಕ್ಕವೂ ನನ್ನ ದಣಿವೂ ಜೊತೆಜೊತೆಗೇ ಸಾಗುತ್ತಿದ್ದವು.

ತನ್ನ ಮೊಣಕಾಲು ಕೈಕೊಟ್ಟಾಗ ರಾಯಪ್ಪ ನನ್ನನ್ನು ಶಿವಪುತ್ರ ಮತ್ತು ಪಾರವ್ವ ಎಂಬ ಗಂಡಹೆಂಡಿರಿಗೆ ಮಾರಿದ. ಅವರು ಕಬ್ಬು ಕಡಿಯುವವರು. ವರ್ಷ ವರ್ಷ ಗ್ಯಾಂಗಿನ ಜೊತೆ ಪರವೂರಿಗೆ ಹೋಗಿ, ಕಬ್ಬಿನ ಒಣಗರಿ ರವದಿಯ ಗುಡಿಸಲಲ್ಲಿ ಮಲಗಿ ಸಾಕಾಗಿತ್ತು. ಇನ್ನು ಕಬ್ಬಿನ ಹಾಲು ಮಾರಿ ಬದುಕೋಣವೆಂದು ನನ್ನ ಬೆನ್ನಿಗೆ ಗಾಣ ಕೂರಿಸಿ, ನನ್ನ ಇಂಜಿನ್ನಿನಿಂದ ಅದಕ್ಕೊಂದು ಬೆಲ್ಟು ಎಳೆದರು.

"ಮೀಟರ್ ನೋಡಿ ಎಣ್ಣಿ ಬದ್ಲಿ ಮಾಡಸ್ರಿ, ಮತ್ತೇನ ಬೇಡಂಗಿಲ್ಲಿದು," ಎಂದು ರಾಯಪ್ಪ ಕಣ್ಣೊರೆಸಿಕೊಂಡು ಹೋದ.

ಆಮೇಲೆ ನನ್ನ ಜಾಗ ಕೋರ್ಟಿನ ಮುಂದೆ. ಮನೆಯಿಂದ ಅಲ್ಲಿಗೆ ಒಂದು ಕೂಗಳತೆ. ಅಲ್ಲಿ ನಿಂತೆನೆಂದರೆ ಸಂಜೆಯವರೆಗೂ ಇಂಜಿನ್ನು ಬಡಿದುಕೊಳ್ಳಬೇಕು, ಗಾಣ ತಿರುಗಬೇಕು. ಮೀಟರಿಗೆ ಕಾಣುವುದು ಚಕ್ರ ಮಾತ್ರ; ಹೊಟ್ಟೆಯ ಉರಿ ಅದಕ್ಕೇನು ಗೊತ್ತು? ಶಿವಪುತ್ರ ಅಮಾವಾಸ್ಯೆಗೊಮ್ಮೆ ಕಾಯಿ ಒಡೆದು ಹೂ ಏರಿಸುವನು, ಮೀಟರಿನ ಗಾಜು ಒರೆಸಿ, "ಎಣ್ಣಿಗೆ ಇನ್ನೂ ಭಾಳ ದೂರ ಐತಿ," ಎನ್ನುವನು. ಒಳಗೆ ಎಣ್ಣೆ ಕರಿಡಾಂಬರಾಗುತ್ತಿತ್ತು. ಹೇಳಲು ನನಗೆ ಬಾಯಿಲ್ಲ.

ಬೇಸಿಗೆಯ ಒಂದು ಮಧ್ಯಾಹ್ನ ಗಿರಾಕಿಗಳು ಮುತ್ತಿಕೊಂಡಿದ್ದಾಗ ನನ್ನ ದನಿ ಒಡೆಯಿತು. ಟಕ್, ಟಕ್ ಎಂದು ಕೆಮ್ಮಿದೆ. ಪಾರವ್ವ ಕೈಯಲ್ಲಿದ್ದ ಕಬ್ಬು ಕೆಳಗಿಟ್ಟು ಚಾವಿ ತಿರುವಿಬಿಟ್ಟಳು.

"ಏನವಾ, ನಿನ್ನ ಆಕಳ ಹಾಲ ಬತ್ತಿತೇನು?" ಎಂದರು ಒಬ್ಬ ವಕೀಲರು.

"ಅದಕ್ಕೂ ಉಸರ ಬೇಕಲ್ರಿ ಸಾಹೇಬ್ರ!"

ಶಿವಪುತ್ರ ಸಿಡಿಮಿಡಿಗೊಂಡ. "ಗಿರಾಕಿ ನಿಂತಾಗ ಬಂದ್ ಮಾಡ್ತಿ? ಈ ಗಾಡಿ ಕೈ ಬಿಟ್ಟಿತಂದ್ರ ಮತ್ತ ಗ್ಯಾಂಗಿಗೇ ಹೋಗಬೇಕ ನೋಡು!"

"ಅದಕ್ಕ ಬಂದ್ ಮಾಡೀನಿ. ಹಿಂದ ನಿಂತು ದಬ್ರಿ."

ಗ್ಯಾರೇಜಿನವರೆಗೂ ದಬ್ಬಿದರು. ದಾವಲಸಾಬರು ಕೆಳಗೆ ಬೋಗುಣಿ ಇಟ್ಟು ಎಣ್ಣೆಯ ಬೋಲ್ಟು ಬಿಚ್ಚಿದರು. ಎಣ್ಣೆ ಇಳಿಯಲೊಲ್ಲದು.

"ಏನೋ ತಮ್ಮಾ, ಇದರಾಗ ಬೆಲ್ಲಾ ಕಾಸೀಯೇನು? ಇನ್ನೊಂದೀಟ ಹೊತ್ತ ತಿರಗಿತ್ತಂದ್ರ ಇಂಜಿನ್ ಜಾಮ್ ಆಗಿ ಗುಜರಿಗೆ ಹೋಗತಿತ್ತು."

"ಮೀಟರ್ ನೋಡ್ರಿ ಕಾಕಾ, ಅರ್ಧಾನೂ ಆಗಿಲ್ಲ!"

ಪಾರವ್ವ ಗಂಡನ ಕಡೆ ತಿರುಗಿದಳು. "ನಾವು ದಿನಾಪೂರ್ತಿ ಕಬ್ಬು ಕಡದಾಗ ಎಷ್ಟು ದೂರ ನಡೀತಿದ್ವಿ, ಹೇಳ್ರಿ? ಒಂದ ಹೊಲ. ಸಂಜೀಕ ನಡಾ ಎತ್ತಾಕ ಬರತಿತ್ತೇನು? ನಿಂತ ದುಡದದ್ದು ದುಡಿಮಿ ಅಲ್ಲಾ?"

ದಾವಲಸಾಬರು ನಕ್ಕು, "ತಂಗಿ ಹೇಳಿದ್ದು ಖರೆ. ಓಡೂ ಗಾಡಿಗೆ ಕಿಲೋಮೀಟರ್ ಲೆಕ್ಕ, ನಿಂತು ತಿರಗೂ ಇಂಜಿನ್ನಿಗೆ ತಾಸಿನ ಲೆಕ್ಕ. ನಾನೂ ರಾಯಪ್ಪನ ಸಿಲಿಂಡರ್ ಗಾಡಿ ಅಂತನ ಸುಮ್ಮನಿದ್ದೆ," ಎಂದರು.

"ತಾಸ ಎಣಿಸ್ಕೋತ ಕುಂಡ್ರೂದು ಯಾರ?" ಎಂದ ಶಿವಪುತ್ರ.

"ಅಮಾಸಿಗೆ ಕಾಯಿ ತಪ್ಪಸಂಗಿಲ್ಲಲ್ಲಾ ನೀವು? ಬ್ಯಾಸಗಿ ಮುಗಿಯೂತನಾ ಅವತ್ತ ಎಣ್ಣಿನೂ ತಗಸ್ರಿ. ಮಳಿಗಾಲದಾಗ ವ್ಯಾಪಾರ ಇರೂದಿಲ್ಲ, ಒಂದು ಅಮಾಸಿ ಬಿಟ್ಟು ಒಂದು," ಎಂದಳು ಪಾರವ್ವ.

ಅಂದಿನಿಂದ ಅದೇ ನೇಮ. ಹೊಸ ಎಣ್ಣೆ ಇಳಿಯುವಾಗಿನ ತಂಪು, ಪಾರವ್ವ ಒದ್ದೆ ಬಟ್ಟೆಯಲ್ಲಿ ಗಾಣದ ಜಿಗುಟು ಒರೆಸುತ್ತ ಗುನುಗುವ ಹಾಡು... ಎರಡೂ ಈಗಲೂ ನೆನಪಿನಲ್ಲಿವೆ. ಸುಗ್ಗಿ ಬಂದಾಗ ಗ್ಯಾಂಗಿನ ಮೇಸ್ತ್ರಿ ಮುಕಾದಮ ಬಂದು, "ಬರೂದಿಲ್ಲೇನೋ?" ಎಂದು ಕೇಳುವನು. "ಒಂದು ಗ್ಲಾಸ್ ಕುಡದ ಹೋಗ್ರಿ," ಎಂದು ಶಿವಪುತ್ರ ನಗುವನು. ಅವರು ಮತ್ತೆ ಕಬ್ಬು ಕಡಿಯುವ ಕೊಯ್ತ ಹಿಡಿಯಲಿಲ್ಲ.

ಈಗ ಅವರದೊಂದು ಸಣ್ಣ ಅಂಗಡಿ, ಕರೆಂಟಿನ ಗಾಣ. ಇಂಜಿನ್ನು ಸವೆದು ನಾನು ಅಂಗಡಿಯ ಹಿಂದಿನ ಗೋಡೆಗೆ ಒರಗಿದ್ದೇನೆ. ಕೋಳಿಯೊಂದು ನನ್ನ ಸೀಟಿನಲ್ಲಿ ಮೊಟ್ಟೆಯಿಡುತ್ತದೆ. ಸವೆಯುವುದಕ್ಕೆ ನನಗೆ ಬೇಸರವಿಲ್ಲ. ಸವೆಯಲೆಂದೇ ಹುಟ್ಟಿದವನು ನಾನು. ನಡುದಾರಿಯಲ್ಲಿ ಸುಟ್ಟು ಹೋಗಲೆಂದಲ್ಲ.

ಮೊನ್ನೆ ಗುಜರಿಯವನು ಬಂದು, ಕಾಲಿನಿಂದ ನನ್ನ ಟೈರು ಒದ್ದು, "ಈ ಕೆಟ್ಟ ನಿಂತ ಗಾಡಿ ಕೊಡ್ತೀರೇನವಾ?" ಎಂದ.

ಪಾರವ್ವ ಒಳಗಿನಿಂದಲೇ ಕೂಗಿದಳು: "ಅದು ಕೆಟ್ಟ ನಿಂತಿಲ್ಲೋ ಅಣ್ಣಾ, ದುಡದ ನಿಂತೈತಿ. ಕಾಲ ತಗಿ."