ತಣ್ಣೀರಿಗೇ ಕರಗಿದ ಹುಳಿ

ನಾವು ಶರಬತ್ತಿಗೆ ಹಾಕುವ ಹುಳಿಪುಡಿ ತಣ್ಣೀರಿನಲ್ಲಿ ಸುಲಭಕ್ಕೆ ಕರಗುವುದಿಲ್ಲ. ಹಾಲಸಿದ್ದಪ್ಪನವರ ಕಾರ್ಖಾನೆಯಲ್ಲಿ ಬೆಳಗಾದರೆ ಅದಕ್ಕೆಂದೇ ನೀರು ಕುದಿಯುತ್ತಿತ್ತು. ಆ ದಿನ ನಾನು ಕೆಲಸಕ್ಕೆ ಹೋದಾಗ ಒಲೆ ಹಚ್ಚಿರಲಿಲ್ಲ.

"ನೋಡವಾ ನೀರಜಾ, ಈ ಸಲದ್ದು ಭಾರಿ ಮಾಲು! ತಣ್ಣೀರಿಗೆ ಹಾಕಿದ್ರ ಸಕ್ರಿ ಹಂಗ ಕರಗ್ತದ." ಹಾಲಸಿದ್ದಪ್ಪನವರು ನಗುತ್ತ ಹೇಳಿದರು.

"ಯಾವ ಚೀಲದ್ದು?" ಎಂದೆ. ನನ್ನ ಮೆಲುದನಿ ಅವರಿಗೆ ಕೇಳಿಸಲಿಲ್ಲ; ಮತ್ತೊಮ್ಮೆ ಕೇಳಿದೆ.

ಪಾಕದ ಗುಟ್ಟನ್ನು ಬೇರೆ ಅಂಗಡಿಯವರು ಕದ್ದಾರೆಂದು ಅವರು ಚೀಲಗಳ ಮೇಲಿನ ಹೆಸರು ಅಳಿಸಿ, ಅಣುಸೂತ್ರವನ್ನಷ್ಟೇ ಬರೆಸುತ್ತಿದ್ದರು. ಬಣ್ಣದ ಕಾರ್ಖಾನೆ ಇಟ್ಟಿದ್ದ ಅವರ ತಮ್ಮ ದೊಡ್ಡಬಸಪ್ಪನವರದ್ದೂ ಅದೇ ಪದ್ಧತಿ. ಗೋದಾಮು ಇಬ್ಬರಿಗೂ ಒಂದೇ.

"ತಮ್ಮನ ಚೀಲ ಇರಬೇಕು. ಅದ್ರಾಗೇನು? ಎರಡರ ಮ್ಯಾಲೂ ಸಿ ನಾಲ್ಕು, ಎಚ್ ನಾಲ್ಕು, ಓ ನಾಲ್ಕು. ಬಿ.ಎಸ್ಸಿ. ಓದಿದಾಕಿಗೆ ನಾ ಹೇಳಬೇಕೇನು?"

"ಪರಮಾಣುಗಳು ಅವೇ, ಜೋಡಣೆ ಬೇರೆ. ನಮ್ಮ ಪುಡಿಯಲ್ಲಿ ಆಮ್ಲದ ಎರಡು ತುದಿಗಳು ಆಚೆಗೊಂದು ಈಚೆಗೊಂದು ಇರುತ್ತವೆ. ಇದರಲ್ಲಿ ಎರಡೂ ಒಂದೇ ಕಡೆ. ಅಷ್ಟಕ್ಕೇ ವಸ್ತುವೇ ಬೇರೆಯಾಗುತ್ತೆ. ಇದು ಬಣ್ಣದ ಅಂಟಿಗೆ ಹಾಕೋದು. ಹೊಟ್ಟೆಗೆ ಹೋಗಬಾರದು, ಮೂತ್ರಪಿಂಡ ಕೆಡುತ್ತೆ."

ಅವರ ನಗು ನಿಂತಿತು. ಬಾಗಿಲು ಮುಂದೆ ಮಾಡಿದರು.

"ಮೆಲ್ಲಗ ಮಾತಾಡು. ಕೀಲ್ಪಾಕಿನ ಛತ್ರದಾಗಿನ ಮದುವಿಗೆ ಶರಬತ್ತು ಆಗಲೇ ಹೋಗೇತಿ."

"ಯಾರನ್ನಾದರೂ ಕಳಿಸಿ!"

"ಕಳಿಸಿ ಏನಂತ ಹೇಳಲಿ? ವಿಷ ಕೊಟ್ಟೀನಿ ಅಂತನಾ? ಒಂದು ಲೋಟಕ್ಕ ಏನೂ ಆಗೂದಿಲ್ಲ. ನೀ ಬಾಯಿ ಮುಚ್ಚಿಕೊಂಡಿರು. ಅದು ನಿನಗೇನು ಕಷ್ಟದ ಕೆಲಸಲ್ಲ."

ನಾನು ಕೀಲ್ಪಾಕಿನ ಬಸ್ಸು ಹತ್ತಿದೆ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ. ಛತ್ರದ ಬಾಗಿಲಲ್ಲಿ ಅಷ್ಟು ಜನರನ್ನು ಕಂಡದ್ದೇ ಅದೆಲ್ಲ ಮರೆತುಹೋಯಿತು. ನಾಗಸ್ವರ ಜೋರಾಗಿತ್ತು. ಹಜಾರದಲ್ಲಿ ಶರಬತ್ತಿನ ಹಂಡೆ. ಸುತ್ತ ಲೋಟ ಹಿಡಿದವರು. ದನಿ ಹೊರಡದೆ, ಎರಡೂ ಕೈಯಿಂದ ಹಂಡೆಯನ್ನು ಉರುಳಿಸಿಬಿಟ್ಟೆ.

"ಐಯೋ, ಯಾರಮ್ಮಾ ನೀನು? ಗಂಡಿನ ಕಡೆಯವಳಾ?" ಮದುಮಗಳ ಅಜ್ಜಿ ಜಾನಕಮ್ಮ ಸೀರೆಯ ನೆರಿಗೆ ಎತ್ತಿ ಹಿಡಿದು ಬಂದರು.

"ಕುಡೀಬೇಡಿ. ಇದರಲ್ಲಿ ವಿಷ ಇದೆ."

ನಾಗಸ್ವರದ ಸದ್ದಿನಲ್ಲಿ ಅವರಿಗೆ ನನ್ನ ಮಾತು ಕೇಳಿಸಲಿಲ್ಲ, ಕಣ್ಣೀರಷ್ಟೇ ಕಂಡಿತು.

"ಪರವಾಯಿಲ್ಲೆ, ಅಳಬೇಡ. ಕೈ ತಗಲಿಬಿಡ್ತು, ಅಷ್ಟೇ ತಾನೇ? ಮಹಡೀಲಿ ಇನ್ನೊಂದು ಹಂಡೆ ಇದೆ. ಮಕ್ಕಳು ಪೋಟಿಯ ಮೇಲೆ, ನಾನು ಹೆಚ್ಚು ತಾನು ಹೆಚ್ಚು ಅಂತ, ಲೋಟಗಟ್ಟಲೆ ಕುಡಿದು, ಪಾಪ, ವಾಂತಿ ಮಾಡ್ಕೊಂಡು ಮಲಗಿವೆ. ಎಲ್ಲಾ ಈ ಬಿಸಿಲಿನ ಕಾಟ, ನೋಡು."

"ಡಾಕ್ಟರನ್ನ ಕರೆಸಿ!" ಎಂದು ಕೂಗುತ್ತ ಮೆಟ್ಟಿಲಿಗೆ ಓಡಿದೆ. ಮಹಡಿಯಿಂದ ಒಂದು ಮಗುವಿನ ಸದ್ದೂ ಕೇಳಿಸುತ್ತಿರಲಿಲ್ಲ.